ಹೆಂಪ್ ಡಯಾಪರ್: ಹೊಗಳಿಕೆ ಎಷ್ಟು, ಹೂರಣ ಎಷ್ಟು?

ಎಳೆಗೂಸುಗಳ ಬಟ್ಟೆ ಡಯಾಪರ್ ಮಾರುವವರಿಗೆ ಈಗ ಹೆಂಪ್ ಮೇಲೆ ಎಲ್ಲಿಲ್ಲದ ಪ್ರೀತಿ. ಇದು ಗೋಣಿಚೀಲದ ಸೆಣಬಲ್ಲ, ಗದ್ದೆಗೆ ಹಸಿರೆಲೆ ಗೊಬ್ಬರವಾಗಿ ಬಿತ್ತುವ ಅಪ್ಸೆಣಬೂ ಅಲ್ಲ. ಗಾಂಜಾದ ಜಾತಿಗೇ ಸೇರಿದ, ಅಮಲಿನ ಅಂಶ ತೀರಾ ಕಡಿಮೆ ಇರುವ ಗಿಡದ ಕಾಂಡದಿಂದ ಸುಲಿದ ನಾರು. ಜೊಲ್ಲುಬಟ್ಟೆ, ಕುಲಾವಿ, ಹಾಸುಬಟ್ಟೆಗಳಿಗೂ ಅದೇ ಹೆಸರು ಅಂಟಿಕೊಂಡಿದೆ. ಬೆಲೆ ಹತ್ತಿಗಿಂತ ಒಂದು ಕೈ ಮೇಲೆ. ಇದರಲ್ಲಿ ನಿಜವಾದ ಗುಣ ಒಂದಿದೆ, ಉಳಿದದ್ದು ಬಹುಪಾಲು ವ್ಯಾಪಾರದ ಮಾತು.

ಡಯಾಪರ್‌ಗೆ ಬರುವ ಬಟ್ಟೆ ಬರೀ ಹೆಂಪ್ ಆಗಿರುವುದು ಅಪರೂಪ. ಸಾಮಾನ್ಯವಾಗಿ ನೂರಕ್ಕೆ 55 ಪಾಲು ಹೆಂಪ್, 45 ಪಾಲು ಹತ್ತಿ ಸೇರಿಸಿ ಹೆಣೆದಿರುತ್ತಾರೆ. ಒಂದು ಮಗ್ಗುಲು ನುಣುಪು, ಇನ್ನೊಂದರಲ್ಲಿ ಟವೆಲ್ಲಿನಂಥ ಸಣ್ಣ ಕುಣಿಕೆಗಳು. ಹೊಸ ತುಂಡಿನ ಮೇಲೆ ನೀರು ಚಿಮುಕಿಸಿ ನೋಡಿ, ಹನಿ ಒಳಗಿಳಿಯದೆ ಉರುಳಿಕೊಂಡು ಹೋಗುತ್ತದೆ. ನಾರಿನ ಸಹಜ ಜಿಡ್ಡು ಬಿಡಬೇಕಾದರೆ ನಾಲ್ಕಾರು ಸಲ ಬಿಸಿನೀರಲ್ಲಿ ಒಗೆಯಬೇಕು. ಆಮೇಲೂ ಅದು ನಿಧಾನಸ್ಥನೇ. ಮಗು ಒಮ್ಮೆಲೇ ಉಚ್ಚೆ ಹೊಯ್ದರೆ ಹೆಂಪ್ ಹೀರುವಷ್ಟರಲ್ಲಿ ತೊಡೆಯ ಸಂದಿಯಿಂದ ಸೋರಿರುತ್ತದೆ. ಆದರೆ ಹೀರಿದ್ದನ್ನು ಬಿಡುವುದಿಲ್ಲ. ಕಂಕುಳಲ್ಲಿ ಎತ್ತಿಕೊಂಡಾಗ ಒತ್ತಿದರೂ ಮೈಕ್ರೋಫೈಬರ್‌ನಂತೆ ವಾಪಸು ಕಾರುವುದು ಕಡಿಮೆ. ಹಾಗಾಗಿ ಬಳಸಿ ಬಲ್ಲ ತಾಯಂದಿರು ಮೇಲೆ ಬೇಗ ಹೀರುವ ಹತ್ತಿ, ಅಡಿಯಲ್ಲಿ ಹೆಂಪ್ ಇಡುತ್ತಾರೆ, ಅದೂ ಮುಖ್ಯವಾಗಿ ರಾತ್ರಿಗೆ. ಹಗ್ಗದ ಮೇಲೆ ಒಣಗಿದರೆ ಹಪ್ಪಳದಂತೆ ಸೆಟೆದುಕೊಳ್ಳುತ್ತದೆ, ಎರಡೂ ಕೈಯಲ್ಲಿ ಉಜ್ಜಿ ಹದ ಮಾಡಬೇಕು. ಮೆತ್ತಗಾಗಲಿ ಎಂದು ಫ್ಯಾಬ್ರಿಕ್ ಕಂಡಿಷನರ್ ಸುರಿದರೆ ಹೀರುವ ಗುಣಕ್ಕೇ ಪೆಟ್ಟು. ಕುಲಾವಿಗೆ ಈ ನಾರು ಯಾಕೆ ಬೇಕೋ ನನಗಂತೂ ಹೊಳೆಯುತ್ತಿಲ್ಲ. ಎಳೆ ನೆತ್ತಿಗೆ ಹಳೆ ಪಂಚೆಯ ತುಂಡೇ ಹಿತ.

ಇನ್ನು ಬ್ಯಾಕ್ಟೀರಿಯಾ ನಿರೋಧಕ ಎಂಬ ಜಾಹೀರಾತು. ಉಚ್ಚೆಯ ಯೂರಿಯಾವನ್ನು ಅಮೋನಿಯಾ ಮಾಡುವ ಜೀವಾಣುಗಳು ಒದ್ದೆ ಬಟ್ಟೆಯಲ್ಲಿ ಬೆಳೆಯುತ್ತವೆ. ನಾರು ಯಾವುದೇ ಇರಲಿ, ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕದಿದ್ದರೆ ಮೂಗಿಗೆ ತಿಳಿಯುತ್ತದೆ.

ಪರಿಸರದ ಲೆಕ್ಕವೂ ನಿಲ್ಲುವುದು ಒಗೆತದ ಮೇಲೆಯೇ. ಬ್ರಿಟನ್ನಿನ ಪರಿಸರ ಏಜೆನ್ಸಿ 2008ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, ಒಂದು ಮಗುವಿನ ಎರಡೂವರೆ ವರ್ಷಕ್ಕೆ ಎಸೆಯುವ ಡಯಾಪರ್‌ನಿಂದ ಸುಮಾರು 550 ಕಿಲೋ ಇಂಗಾಲದ ಹೊರೆ, ಬಟ್ಟೆಯದರಿಂದ 570. ಅಲ್ಲಿಗೆ ಬಟ್ಟೆಯವರ ಮುಖ ಸಪ್ಪಗಾಯಿತು. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಲೆಕ್ಕವಿತ್ತು: ಯಂತ್ರ ತುಂಬಿದಾಗಲೇ ಒಗೆದು, ಗಾಳಿಗೆ ಒಣಗಿಸಿ, ಎರಡನೇ ಮಗುವಿಗೂ ಬಳಸಿದರೆ ಬಟ್ಟೆಯ ಹೊರೆ ನೂರಕ್ಕೆ 40ರಷ್ಟು ಇಳಿಯುತ್ತದೆ. ಬಿಸಿಲಿಗೆ ಹರವಿ, ಅಕ್ಕನ ಮಗುವಿನದನ್ನು ತಂಗಿಯ ಮಗುವಿಗೆ ದಾಟಿಸುವ ನಮ್ಮ ಮನೆಗಳಲ್ಲಿ ಇದು ಹೊಸ ಪಾಠವೇನಲ್ಲ. ಒಗೆಯುವ ಕೈ ಮಾತ್ರ ಬಹುತೇಕ ಹೆಂಗಸರದೇ, ಅದು ಯಾವ ಇಂಗಾಲದ ಲೆಕ್ಕದಲ್ಲೂ ಬರುವುದಿಲ್ಲ. ಕೊಡ ಹೊತ್ತು ನೀರು ತರುವ ಮನೆಯ ಬಾಣಂತಿಗೆ ಹಸಿರು ಉಪದೇಶ ಮಾಡುವ ಮೊದಲು ಇದನ್ನು ನೆನೆಯಬೇಕು.

ನಾವೇ ಬೆಳೆಯಬಾರದೇಕೆ ಎಂಬ ಪ್ರಶ್ನೆಯೂ ಇದೆ. 1985ರ ಮಾದಕ ವಸ್ತು ಕಾಯ್ದೆಯ 14ನೇ ಕಲಮು ನಾರು, ಬೀಜಕ್ಕಾಗಿ ಈ ಗಿಡ ಬೆಳೆಯಲು ಅನುಮತಿ ಕೊಡುವ ಅಧಿಕಾರವನ್ನು ಸರ್ಕಾರಕ್ಕೆ ಬಿಟ್ಟಿದೆ. ಉತ್ತರಾಖಂಡ 2018ರಲ್ಲೇ ಪರವಾನಗಿ ಕೊಡಲು ಮುಂದಾಯಿತು. ಅಮಲಿನ ಅಂಶ ಶೇ 0.3 ಮೀರಬಾರದು, ಹಿಮಾಲಯದ ನಾಟಿ ಗಿಡಗಳಲ್ಲಿ ಅದು ಮೀರುವುದೇ ಹೆಚ್ಚು. ಇನ್ನು ಗಿಡ ಬೆಳೆದರಷ್ಟೇ ಸಾಲದು, ಕಾಂಡ ಕೊಳೆಸಿ, ಸುಲಿದು, ಅಂಟು ತೆಗೆದು ಮಗುವಿನ ಮೈಗೆ ಒಗ್ಗುವಷ್ಟು ಮಿದು ಮಾಡುವ ಗಿರಣಿ ಬೇಕು. ಆ ವಿದ್ಯೆಯಲ್ಲಿ ಚೀನಾ ಬಹಳ ಮುಂದಿದೆ. ಇತ್ತ ಧಾರವಾಡ ಸೀಮೆಯ ಜಯಧರದಂಥ ದೇಸಿ ಹತ್ತಿ ಕೇಳುವವರಿಲ್ಲದೆ ಮೂಲೆ ಸೇರಿದೆ. ಗಿಡ್ಡ, ಒರಟು ಎಳೆಯ ದೇಸಿ ಹತ್ತಿಯನ್ನು ಆಸ್ಪತ್ರೆಯ ಹತ್ತಿಗೆ ಬಳಸುವುದುಂಟು. ಹೀರಬೇಕಾದ ಬಟ್ಟೆಯಲ್ಲಿ ಅದನ್ನು ಮೊದಲು ಪರೀಕ್ಷಿಸಬಾರದೇ? ಅದಕ್ಕೆ ಯಾರ ಪರವಾನಗಿಯೂ ಬೇಡ.

ಸರ್ಕಾರ ಕೈಹಾಕಬೇಕಾದ್ದು ಬೇರೆ ಕಡೆ. 2025ರ ಸೆಪ್ಟೆಂಬರ್‌ನಲ್ಲಿ ಡಯಾಪರ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಒಮ್ಮೆ ಬಳಸಿ ಎಸೆಯುವುದಕ್ಕೂ ವರ್ಷಗಟ್ಟಲೆ ಒಗೆದು ಬಳಸುವುದಕ್ಕೂ ಒಂದೇ ದರ. ಎಸೆದದ್ದನ್ನು ಬೆಂಗಳೂರಿನ ಪೌರಕಾರ್ಮಿಕರು ಕೈಯಲ್ಲಿ ಬೇರ್ಪಡಿಸಬೇಕಾಗಿ ಬರುವಾಗ ಈ ಸಮಾನತೆ ವಿಚಿತ್ರ. ಬಟ್ಟೆಯದಕ್ಕೆ ತೆರಿಗೆ ಪೂರಾ ತೆಗೆಯಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಡ ತಾಯಂದಿರಿಗೆಂದು 2007ರಲ್ಲಿ ರೂಪಿಸಿದ ಮಡಿಲು ಕಿಟ್‌ನ ಮಾದರಿಯಲ್ಲಿ ಹೊಲಿದ ಹತ್ತಿ ಲಂಗೋಟಿಗಳ ಜೊತೆ ರಾತ್ರಿಗೆಂದು ಒಂದೆರಡು ಹೆಂಪ್ ಒಳಪದರ ಇಟ್ಟು ಕೊಡಲಿ. ಅಷ್ಟು ಬಟ್ಟೆ ಹೊರಗಿನಿಂದ ತರಿಸಿದರೂ ಬೊಕ್ಕಸಕ್ಕೆ ಭಾರವಾಗದು.