ಹಾರ್ ಗೌ ಮಡಿಸಿದ ಕೈ ಯಾರದು?

ಹಾಂಗ್‌ಕಾಂಗಿನಲ್ಲಿ ಹಳೆಯ ಟೀ ಹೌಸ್ ಒಂದು ಬಾಗಿಲು ಹಾಕಿತೆಂದರೆ ಸಾಕು, ಒಂದೇ ಥರದ ಬರಹಗಳು ಸಾಲುಗಟ್ಟಿ ಬರುತ್ತವೆ. ಬಿದಿರು ಬುಟ್ಟಿಗಳ ತಳ್ಳುಗಾಡಿ, ಪೇಪರ್ ಓದುತ್ತ ಕೂತ ತಾತ, ಹಬೆಯ ಫೋಟೋ. 2022ರಲ್ಲಿ ವೆಲಿಂಗ್ಟನ್ ಬೀದಿಯ ಲಿನ್ ಹ್ಯೂಂಗ್ ಟೀ ಹೌಸ್ ಮುಚ್ಚಿದಾಗಲೂ ಇದೇ ಆಯಿತು. (ಆಮೇಲೆ ಅದು ಮತ್ತೆ ತೆರೆಯಿತು, ಅದು ಬೇರೆ ಮಾತು.) ಪತ್ರಿಕೋದ್ಯಮ ಓದಿದ ನಮಗೆ ಇಂಥ ಬರಹಗಳಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಊಟದ ಹಾಲ್ ಇದೆ, ಅಡುಗೆಮನೆ ಇಲ್ಲ. ತಿಂದವರಿದ್ದಾರೆ, ಮಾಡಿದವರಿಲ್ಲ.

ಮೊದಲು ಒಂದು ವಿಷಯ. ನಮ್ಮ ಕಡೆಯ ಎಷ್ಟೋ ಮೆನುಗಳಲ್ಲಿ ಡಿಮ್ ಸಮ್ ಅಂದರೆ ಮೊಮೊಗೆ ಇಟ್ಟ ದುಬಾರಿ ಹೆಸರು. ಕ್ಯಾಂಟನೀಸ್ ಜನರಿಗೆ ಅದು ಒಂದು ತಿನಿಸಿನ ಹೆಸರಲ್ಲ, ಚಹಾದ ಜೊತೆ ಬರುವ ಸಣ್ಣ ಸಣ್ಣ ತಿಂಡಿಗಳೆಲ್ಲಕ್ಕೂ ಸೇರಿದ ಹೆಸರು. ಅವರು 'ಡಿಮ್ ಸಮ್ ತಿನ್ನೋಣ' ಅನ್ನುವುದಕ್ಕಿಂತ 'ಯಮ್ ಚಾಗೆ ಹೋಗೋಣ' ಅನ್ನುವುದೇ ಹೆಚ್ಚು. ಯಮ್ ಚಾ ಅಂದರೆ ಚಹಾ ಕುಡಿಯುವುದು. ಗುವಾಂಗ್‌ಝೌನ ಹಳೆಯ ರೂಢಿಮಾತಿನ ಲೆಕ್ಕವೂ ಸರಳ: ಒಂದು ಬಟ್ಟಲು ಚಹಾ, ಎರಡು ತಿಂಡಿ. ಬೆಳಗಿನ ಜಾವ ಕೆಲಸಕ್ಕೆ ಹೊರಟವನೂ ಕೂತು ತಿನ್ನಬಹುದಾದ ಲೆಕ್ಕ ಅದು. ಪಾಟ್‌ನ ಮುಚ್ಚಳ ಓರೆ ಮಾಡಿಟ್ಟರೆ ಬಿಸಿನೀರು ಬರುತ್ತದೆ. ಚಹಾ ಬಗ್ಗಿಸಿದವರಿಗೆ ಮೇಜಿನ ಮೇಲೆ ಬೆರಳು ತಟ್ಟಿ ಥ್ಯಾಂಕ್ಸ್ ಹೇಳಬೇಕು. ಇದಕ್ಕೆ ಚಿಯೆನ್‌ಲುಂಗ್ ಚಕ್ರವರ್ತಿಯ ಕಥೆಯೊಂದನ್ನು ಗಂಟು ಹಾಕುತ್ತಾರೆ. ಕಥೆ ಚೆನ್ನಾಗಿದೆ, ನಂಬಬೇಕೆಂದಿಲ್ಲ.

ಈಗ ಅಡುಗೆಮನೆಗೆ ಬರೋಣ. ಹಾರ್ ಗೌ ಅಂದರೆ ಸಿಗಡಿ ತುಂಬಿದ ಪುಟ್ಟ ಕಡುಬು. ಅದರ ಹೊದಿಕೆ ಒಳಗಿನ ಸಿಗಡಿಯ ಕೆಂಪು ಕಾಣುವಷ್ಟು ತೆಳು. ಈ ಹೊದಿಕೆಗೆ ಬೇಕಾದ್ದು ಗೋಧಿ ಹಿಟ್ಟಲ್ಲ, ಗೋಧಿಯಿಂದ ಅಂಟನ್ನು ತೊಳೆದು ತೆಗೆದ ಮೇಲೆ ಉಳಿಯುವ ಪಿಷ್ಟ. ಅದಕ್ಕೆ ಕುದಿಯುವ ನೀರು ಸುರಿದು ಬಿಸಿ ಇರುವಾಗಲೇ ನಾದಬೇಕು. ಅಂಟಿಲ್ಲದ ಹಿಟ್ಟು ಚಪಾತಿಯ ಹಾಗೆ ಎಳೆದಂತೆ ಬರುವುದಿಲ್ಲ, ಹರಿಯುತ್ತದೆ. ಅದಕ್ಕೇ ಲಟ್ಟಣಿಗೆ ಬಿಟ್ಟು, ಅಗಲವಾದ ಕತ್ತಿಯ ಮೈಗೆ ಎಣ್ಣೆ ಸವರಿ, ಉಂಡೆಯ ಮೇಲಿಟ್ಟು ಒತ್ತಿ ಒಂದು ಸುತ್ತು ತಿರುಗಿಸುತ್ತಾರೆ. ವೃತ್ತದಂಥ ತೆಳು ಹಾಳೆ ಬರುತ್ತದೆ. ಅದರಲ್ಲಿ ಸಿಗಡಿ ಇಟ್ಟು ಒಂದು ಅಂಚಿಗೆ ಮಾತ್ರ ಸಾಲಾಗಿ ನೆರಿಗೆ ಹಿಡಿಯಬೇಕು. ಹಿಟ್ಟು ಆರಿದರೆ ಬಿರುಕು, ಹೆಚ್ಚು ಬೆಂದರೆ ಹೊದಿಕೆ ಬುಟ್ಟಿಗೆ ಅಂಟಿ ಹರಿದು ರಸವೆಲ್ಲ ಸೋರಿಹೋಗುತ್ತದೆ. ಹೊಸ ಟೀ ಹೌಸಿಗೆ ಹೋದವರು ಅಡುಗೆಯವರ ಕೈ ಹೇಗಿದೆ ಎಂದು ಮೊದಲು ಹಾರ್ ಗೌ ತಿಂದೇ ಅಳೆಯುತ್ತಾರೆ.

ಚೆಂಗ್ ಫನ್ ಕೂಡ ಅಷ್ಟೇ. ನೀರಾದ ಅಕ್ಕಿ ಹಿಟ್ಟನ್ನು ಬಟ್ಟೆಯ ಮೇಲೋ ತಟ್ಟೆಯಲ್ಲೋ ತೆಳ್ಳಗೆ ಹರಡಿ, ಹಬೆಯಲ್ಲಿ ಬೇಯಿಸಿ, ಸುರುಳಿ ಸುತ್ತಿ, ಮೇಲೆ ಸೋಯಾ ಸಾಸ್ ಹಾಕಿ ಆಗಲೇ ಕೊಡಬೇಕು. ಮೂಲಂಗಿ ತುರಿದು ಅಕ್ಕಿ ಹಿಟ್ಟಿನಲ್ಲಿ ಬೇಯಿಸಿ, ತುಂಡು ಮಾಡಿ ಕಾವಲಿಯಲ್ಲಿ ಹುರಿಯುವ ಲೋ ಬಾಕ್ ಗೋ ನೋಡಲು ಸುಲಭ ಅನ್ನಿಸುತ್ತದೆ. ಕೋಳಿ ಪಾದವನ್ನಂತೂ ಕರಿದು, ನೆನೆಸಿ, ಮಸಾಲೆಯಲ್ಲಿ ಬೇಯಿಸಿ, ಮತ್ತೆ ಹಬೆಗೆ ಇಡುತ್ತಾರೆ. ತಟ್ಟೆಯಲ್ಲಿ ನಾಲ್ಕು ಪಾದ, ಅದರ ಹಿಂದೆ ಗಂಟೆಗಟ್ಟಲೆ ಕೆಲಸ! ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆಯಬೇಕಾದರೆ ಇವರೆಲ್ಲ ಎಷ್ಟು ಹೊತ್ತಿಗೆ ಏಳುತ್ತಾರೆ ನೀವೇ ಲೆಕ್ಕ ಹಾಕಿ.

ಇಷ್ಟು ಕೆಲಸದ ತಿಂಡಿ ಅಗ್ಗವಾಗಿಯೂ ಇರಬೇಕು ಅನ್ನುವುದೇ ತೊಡಕು. ಆ ತೊಡಕಿಗೆ ಸಿಕ್ಕ ಉತ್ತರ ಕಾರ್ಖಾನೆ. ಹಾಂಗ್‌ಕಾಂಗಿನ ಎಷ್ಟೋ ಕಡೆ ಬುಟ್ಟಿಯಲ್ಲಿ ಬರುವ ಸಿಯು ಮಾಯ್ ಗಡಿಯಾಚೆ ತಯಾರಾಗಿ, ಹೆಪ್ಪುಗಟ್ಟಿ, ಲಾರಿಯಲ್ಲಿ ಬಂದದ್ದು. ಅಲ್ಲಿ ಅಡುಗೆಯವನ ಕೆಲಸ ಪೊಟ್ಟಣ ಬಿಚ್ಚಿ ಹಬೆಗೆ ಇಡುವುದು. ಇನ್ನೊಂದು ತುದಿಯಲ್ಲಿ ಸ್ಟಾರ್ ಹೋಟೆಲುಗಳು. ಕೈಕೆಲಸ ಅಲ್ಲಿದೆ, ಬೆಲೆಯೂ ಅಲ್ಲಿದೆ. ನಡುವಿನ ಜಾಗಕ್ಕೆ 2009ರಲ್ಲಿ ಮಾಂಗ್ ಕಾಕ್‌ನ ಒಂದು ಇಕ್ಕಟ್ಟಾದ ಅಂಗಡಿಯಲ್ಲಿ ಟಿಮ್ ಹೋ ವಾನ್ ಬಂತು. ಸ್ಟಾರ್ ಹೋಟೆಲಿನ ಅಡುಗೆಮನೆ ಬಿಟ್ಟು ಬಂದ ಮಾಕ್ ಕ್ವಾಯ್ ಪುಯ್ ಸಾಮಾನ್ಯ ದರಕ್ಕೆ ಒಳ್ಳೆಯ ತಿಂಡಿ ಕೊಟ್ಟರು, ಮಿಶೆಲಿನ್ ಸ್ಟಾರ್ ಸಿಕ್ಕಿತು, ಜನ ರಸ್ತೆಯುದ್ದಕ್ಕೂ ಕಾದರು. ಅವರ ಮೆನು ಚಿಕ್ಕದಾಗಿತ್ತು ಎಂಬುದನ್ನು ಮರೆಯಬಾರದು. ಆಮೇಲೆ ಅದೂ ಹಲವು ದೇಶಗಳ ಚೈನ್ ಆಯಿತು.

ಕಾರ್ಖಾನೆಯನ್ನು ಬೈಯಲು ನಾವು ಈ ಬರಹ ಬರೆಯುತ್ತಿಲ್ಲ. ಪಿಂಚಣಿಯಲ್ಲಿ ಬದುಕುವ ತಾತನೊಬ್ಬ ಬೆಳಗಿನ ಎರಡು ತಾಸು ನಾಲ್ಕು ಜನರ ನಡುವೆ ಕೂತಿರಲು ಆ ಅಗ್ಗದ ಸಿಯು ಮಾಯ್ ಕಾರಣವಾದರೆ ಅದು ಸಣ್ಣ ಮಾತಲ್ಲ. 'ಹಳೆಯದೇ ಚೆಂದ' ಅನ್ನುವವರಿಗೆ ಬೆಳಗಿನ ಮೂರು ಗಂಟೆಯ ಪಾಳಿ ಮಾಡಿ ಗೊತ್ತಿರುವುದಿಲ್ಲ. ಹೊಸ ಹುಡುಗರು ಈ ಕೆಲಸಕ್ಕೆ ಬರಲು ಹಿಂದೆಮುಂದೆ ನೋಡಿದರೆ ತಪ್ಪು ಹುಡುಗರದ್ದಲ್ಲ. ಸಂಬಳ ಮತ್ತು ನಿದ್ದೆ ಎರಡೂ ಕಡಿಮೆ ಇರುವ ಕಡೆ ಪರಂಪರೆಯ ಹೆಸರು ಹೇಳಿ ಯಾರನ್ನು ನಿಲ್ಲಿಸಿಕೊಳ್ಳಲು ಆಗುತ್ತದೆ?

ನಮ್ಮ ತಕರಾರು ಸುಮ್ಮನಿರುವುದರ ಬಗ್ಗೆ. ಕೈಯಲ್ಲಿ ಮಡಿಸಿದ್ದಕ್ಕೂ ಪೊಟ್ಟಣದಿಂದ ತೆಗೆದದ್ದಕ್ಕೂ ಒಂದೇ ಬಿದಿರು ಬುಟ್ಟಿ, ಒಂದೇ ಹಬೆ, ಮೆನುವಿನಲ್ಲಿ ಒಂದೇ ಹೆಸರು. ಗೊತ್ತಿಲ್ಲದ ಗಿರಾಕಿ ಅಗ್ಗದ್ದನ್ನೇ ಆರಿಸುತ್ತಾನೆ. ಇಲ್ಲೇ ಮಾಡುವವನು ತನ್ನ ಐದಾರು ಜನರ ಸಂಬಳವನ್ನು ಬೆಲೆಯಲ್ಲಿ ಸೇರಿಸಿದ ಕೂಡಲೇ 'ದುಬಾರಿ' ಅನ್ನಿಸಿಕೊಳ್ಳುತ್ತಾನೆ. ಹೀಗೆ ನಾಲ್ಕು ವರ್ಷ ನಡೆದರೆ ಅವನೂ ಪೊಟ್ಟಣಕ್ಕೆ ಬರುತ್ತಾನೆ, ಇಲ್ಲವೇ ಬಾಗಿಲು ಹಾಕುತ್ತಾನೆ. ಆಗ ನಮ್ಮ ಪತ್ರಕರ್ತರು ಹಬೆಯ ಫೋಟೋ ಹಿಡಿದು ಹೊರಡುತ್ತಾರೆ.

ಹಳೆಯ ಟೀ ಹೌಸುಗಳಲ್ಲಿ ಮೇಜಿಗೊಂದು ಕಾರ್ಡ್ ಇರುತ್ತಿತ್ತು. ತಳ್ಳುಗಾಡಿಯಿಂದ ಬುಟ್ಟಿ ತೆಗೆದುಕೊಂಡಾಗಲೆಲ್ಲ ಅದರ ಮೇಲೆ ಸಣ್ಣದು, ಮಧ್ಯಮ, ದೊಡ್ಡದು, ವಿಶೇಷ ಎಂದು ದರಕ್ಕೆ ತಕ್ಕ ಸೀಲು ಬೀಳುತ್ತಿತ್ತು. ಈಗ ಅನೇಕ ಕಡೆ ಗಾಡಿ ಹೋಗಿ ಪೆನ್ಸಿಲಿನಲ್ಲಿ ಟಿಕ್ ಹಾಕುವ ಚೀಟಿ ಬಂದಿದೆ, ಮೊಬೈಲ್ ಸ್ಕ್ಯಾನ್ ಬಂದಿದೆ. ಬೆಲೆಗೆ ನಾಲ್ಕು ಸೀಲು ಮಾಡಿದವರಿಗೆ 'ಇಲ್ಲೇ ಮಾಡಿದ್ದು' ಎಂಬ ಐದನೆಯದೊಂದು ಸೇರಿಸುವುದು ಕಷ್ಟವೇ? ಎಲ್ಲ ತಿಂಡಿಗೂ ಬೇಕೆಂದು ನಾವು ಹಟ ಹಿಡಿಯುವುದಿಲ್ಲ. ತಾವರೆ ಎಲೆಯಲ್ಲಿ ಕಟ್ಟಿದ ಅಂಟಕ್ಕಿಯ ಅನ್ನ ಫ್ರೀಜರಿನಲ್ಲಿಟ್ಟರೂ ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಹಾರ್ ಗೌ ಮತ್ತು ಚೆಂಗ್ ಫನ್‌ನಿಂದ ಶುರು ಮಾಡಲಿ, ಮತ್ತು ಆ ಎರಡಕ್ಕೆ ನಾಲ್ಕು ಡಾಲರ್ ಹೆಚ್ಚು ಕೇಳಲಿ.