ಗೋದಾಮಿನ ಗೋಡೆಗೆ ಮೊದಲು ನಂಬರ್ ಬರೆಸಿ

ಈಗ ಸಂಘದ ಮೀಟಿಂಗ್ ಅಂದ್ರೆ ಹೊಸ ಗೋದಾಮಿನ ಮಾತೇ. ಕೃಷಿ ಮೂಲಸೌಕರ್ಯ ನಿಧಿಯಲ್ಲಿ 2 ಕೋಟಿ ರೂಪಾಯಿವರೆಗಿನ ಸಾಲಕ್ಕೆ ಶೇ 3ರಷ್ಟು ಬಡ್ಡಿ ರಿಯಾಯಿತಿ ಇದೆ. ಕಟ್ಟಲಿ, ಬೇಡ ಅನ್ನಲ್ಲ. ಆದ್ರೆ ಇರೋ ಗೋದಾಮಿನಲ್ಲೇ ಯಾರ ಚೀಲ ಎಲ್ಲಿದೆ ಅಂತ ಹೇಳೋಕಾಗದಿದ್ರೆ ಇನ್ನೊಂದು ಕಟ್ಟಿ ಏನು ಬಂತು? ಮೊದಲು ಒಂದು ಡಬ್ಬ ಪೇಂಟ್ ತರಲಿ ಅನ್ನೋದು ನನ್ನ ವಾದ.

ರಾಗಿಯನ್ನೇ ತಗೊಳ್ಳಿ. ಎಂಆರ್-6 ದೀರ್ಘಾವಧಿ ತಳಿ, ಮಳೆ ಬೇಗ ಹಿಡಿದಾಗ ಬಿತ್ತೋದು. ಜಿಪಿಯು-28 ಅದಕ್ಕಿಂತ ಬೇಗ ಕಟಾವಿಗೆ ಬರುತ್ತೆ. ಅಂಗೈಲಿ ಹಾಕ್ಕೊಂಡು ನೋಡಿದ್ರೆ ಎರಡರ ಕಾಳಿಗೂ ವ್ಯತ್ಯಾಸ ಗೊತ್ತಾಗಲ್ಲ. ಬಿತ್ತನೆಗೆ ಇಟ್ಟ ಚೀಲ ಅದಲುಬದಲಾದ್ರೆ ತಿಳಿಯೋದು ಹೊಲದಲ್ಲಿ, ತೆನೆ ಬರೋ ಹೊತ್ತಿಗೆ. ಅಷ್ಟರಲ್ಲಿ ಮಳೆ ಕೈ ಕೊಟ್ಟಿರುತ್ತೆ. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ ಇರುತ್ತಲ್ಲ ಅಂತೀರಿ. ಅದು ಚೀಲದೊಳಗೆ ಏನಿದೆ ಅಂತ ಹೇಳುತ್ತೆ, ಚೀಲ ಎಲ್ಲಿದೆ ಅಂತ ಹೇಳಲ್ಲ. ನಮ್ಮ ಮನೆ ಬೀಜಕ್ಕೆ ಆ ಚೀಟಿಯೂ ಇರಲ್ಲ.

"ನಮ್ಮಜ್ಜಿ ಕತ್ತಲೇಲೂ ಯಾವ ವಾಡೆಲಿ ಏನಿದೆ ಅಂತ ಹೇಳೋಳು, ಅವಳಿಗೆ ನಂಬರ್ ಬೇಕಿತ್ತಾ?" ಅಂತ ಹಿರಿಯರು ಕೇಳ್ತಾರೆ. ನಿಜ. ಅದು ಒಂದು ಮನೆ, ಒಂದು ಒಲೆ. ಸಂಘದ ಗೋದಾಮಿನಲ್ಲಿ ನೂರಾರು ಮನೆಯ ಮಾಲು ಒಟ್ಟಿಗೆ ಬಿದ್ದಿರುತ್ತೆ. ಲೆಕ್ಕ ಒಬ್ಬ ಹಮಾಲಿಯ ತಲೇಲಿ ಮಾತ್ರ ಇದ್ರೆ, ಅವನು ಊರಿಗೆ ಹೋದ ದಿನ ಎಲ್ಲರೂ ಕುರುಡರೇ.

ಇದರಲ್ಲಿ ನ್ಯಾಯದ ಮಾತೂ ಇದೆ. ಜಾಗಕ್ಕೆ ನಂಬರ್ ಇಲ್ಲದ ಕಡೆ 40 ಚೀಲದವರ ಮಾಲು ಬಾಗಿಲ ಹತ್ರ ಇರುತ್ತೆ, 6 ಚೀಲದವರದ್ದು ಹಿಂದಿನ ಮೂಲೆಗೆ ಹೋಗುತ್ತೆ. ಹೊಸದು ಮುಂದೆ ಬಂದು ಬೀಳುತ್ತೆ, ಹಳೇದು ಕಾಣದೇ ಕೂರುತ್ತೆ. ರಾಗಿಯಾದ್ರೆ ತಡೆಯುತ್ತೆ. ಮುಸುಕಿನ ಜೋಳ, ಅವರೆ ತಡೆಯಲ್ಲ, ಹುಳ ಹಿಡಿಯುತ್ತೆ. ಮೊದಲು ಬಂದದ್ದು ಮೊದಲು ಹೋಗಬೇಕು ಅಂದ್ರೆ ಯಾವುದು ಮೊದಲು ಬಂತು ಅಂತ ಬರೆದಿರಬೇಕಲ್ಲ?

ಭಾರತ ಆಹಾರ ನಿಗಮದ ಗೋದಾಮುಗಳಲ್ಲಿ ನೆಲಕ್ಕೆ ಗೆರೆ ಎಳೆದು, ಪ್ರತಿ ಅಟ್ಟಿಗೂ ನಂಬರ್ ಕೊಟ್ಟು ಕಾರ್ಡ್ ನೇತು ಹಾಕ್ತಾರೆ. ನಮಗೂ ಅಷ್ಟೇ ಸಾಕು, ಕಂಪ್ಯೂಟರ್ ಬೇಡ.

ಬಾಗಿಲಿಂದ ಒಳಕ್ಕೆ ಸಾಲುಗಳಿಗೆ ಅಕ್ಷರ, ಸಾಲಿನೊಳಗೆ 1, 2, 3. ಕ, ಖ, ಗ, ಘ ಬೇಡ, ಫೋನಲ್ಲಿ ಕ-ಖ ಒಂದೇ ಥರ ಕೇಳುತ್ತೆ. ಕ, ಚ, ಮ, ರ ಅಂತಿಡಿ. ನೆಲದ ಮೇಲೆ ಮಾತ್ರ ಬರೆದ್ರೆ ಚೀಲದಡಿ ಮುಚ್ಚಿಹೋಗುತ್ತೆ. ಗೋಡೆಗೆ, ಕಂಬಕ್ಕೆ ತಲೆ ಮೇಲಿನ ಎತ್ತರದಲ್ಲಿ ಬರೆಸಿ. "ರಾಗಿ ಜಾಗ", "ಜೋಳದ ಜಾಗ" ಅಂತ ಹೆಸರಿಡಬೇಡಿ. ಮುಂದಿನ ವರ್ಷ ಅಲ್ಲಿ ಬೇರೇನೋ ಬರುತ್ತೆ, ಹಳೇ ಹೆಸರು ದಾರಿ ತಪ್ಪಿಸುತ್ತೆ. ಖಾಲಿ ಜಾಗಕ್ಕೂ ನಂಬರ್ ಇರಲಿ. ಕಾರ್ಡಲ್ಲಿ ರೈತರ ಹೆಸರು, ತಳಿ, ಚೀಲದ ಎಣಿಕೆ, ಬಂದ ದಿನ, ಹುಳಕ್ಕೆ ಔಷಧಿ ಹಾಕಿದ ದಿನ. ಕ್ರಿಮಿನಾಶಕ, ಗೊಬ್ಬರ ಈ ಸಾಲುಗಳಿಗೆ ಬರಲೇಬಾರದು, ಅವಕ್ಕೆ ಬೇರೆ ಕೋಣೆ, ಬೇರೆ ಬೀಗ.

"ಹಮಾಲಿಗಳು ಓದಲ್ಲ" ಅನ್ನೋ ನೆಪ ಬೇಡ. ಮೊಬೈಲ್ ನಂಬರ್ ಒತ್ತೋರಿಗೆ ಚ-4 ಹುಡುಕೋದು ಕಷ್ಟವಲ್ಲ. ಬರೆಯದೇ ಇರೋದು ಯಾರಿಗೆ ಅನುಕೂಲ ಅಂತ ಯೋಚಿಸಿ.

ಮುಂದಿನ ಮಹಾಸಭೆಯಲ್ಲಿ ಹೊಸ ಕಟ್ಟಡದ ಠರಾವಿಗೆ ಕೈ ಎತ್ತೋ ಮೊದಲು ಒಂದು ಮಾತು ಕೇಳಿ: ನನ್ನ ಚೀಲ ಯಾವ ನಂಬರಿನಲ್ಲಿದೆ? ಅದನ್ನ ರಸೀದಿ ಮೇಲೆ ಬರೆದು ಕೊಡೋಕೆ ಹೇಳಿ. ನಿಮ್ಮೂರಲ್ಲಿ ಹೇಗಿದೆ, ಕೆಳಗೆ ಬರೀರಿ.