ಸೂರಕ್ಕಿಯ ಕುಲ ಯಾವುದು?

ಮಂಗಳೂರಿನ ಬಂದರ್‌ನ ಹೆಂಚಿನ ಗೋದಾಮುಗಳ ನಡುವೆ ಉಳಿದಿರುವ ಹಿತ್ತಲುಗಳಲ್ಲಿ ದಾಸವಾಳ, ಕೇಪಳಗಳ ಮಕರಂದ ಹೀರುವ ಪುಟ್ಟ ಹಕ್ಕಿಯನ್ನು ಹಲವರು ‘ಹಮ್ಮಿಂಗ್ ಬರ್ಡ್’ ಎನ್ನುವುದನ್ನು ನಾವು ಕೇಳಿದ್ದೇವೆ. ಅದು ಸರಿಯಲ್ಲ. ಆ ಪಕ್ಷಿಗಳು ಅಮೆರಿಕ ಖಂಡಗಳಲ್ಲಿ ಮಾತ್ರ ವಾಸಿಸುತ್ತವೆ. ನಮ್ಮದು ಸೂರಕ್ಕಿ, ಕಾಗೆ, ಗುಬ್ಬಿಗಳು ಸೇರಿದ ಗಣದ್ದು. ಇವೆರಡರ ಹೋಲಿಕೆ ರಕ್ತಸಂಬಂಧದಿಂದ ಬಂದದ್ದಲ್ಲ, ಮಕರಂದ ಹೀರುವ ಕಾಯಕದಿಂದ ಬಂದದ್ದು.

ಹಿತ್ತಲಲ್ಲಿ ಹೆಚ್ಚಾಗಿ ಕಾಣುವುದು ಹಳದಿ ಹೊಟ್ಟೆಯ, ಸುಮಾರು 10 ಸೆಂಟಿಮೀಟರ್ ಉದ್ದದ ಸೂರಕ್ಕಿ. ಗಂಡಿನ ಬೆನ್ನಿನ ಕೆಳಭಾಗ ನೇರಳೆ. 1766ರಲ್ಲಿ ಲಿನೀಯಸ್ ಇದನ್ನು ವರ್ಗೀಕರಿಸಿ ಹೆಸರಿಟ್ಟನು. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳಲ್ಲಿ ಇದರ ನೆಲೆಯಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಅಳಿವಿನ ಭೀತಿ ಕಡಿಮೆಯಿರುವ ವರ್ಗದಲ್ಲಿ ಇರಿಸಿದೆ.

ಆದರೆ ಕುಲಕ್ಕೆ ಭಯವಿಲ್ಲವೆಂದು ಗೂಡಿಗೂ ಭಯವಿಲ್ಲವೆನ್ನಲಾಗದು. ಜೇಡರಬಲೆ, ನಾರು, ತೊಗಟೆಚೂರುಗಳಿಂದ ಹೆಣೆದ ಗೂಡು ರೆಂಬೆಯಲ್ಲಿ ತೂಗುವ ಕಸದಂತೆಯೇ ಕಾಣುತ್ತದೆ. ಒಳಗೆ ಸಾಮಾನ್ಯವಾಗಿ ಎರಡು ಮೊಟ್ಟೆಗಳಿರುತ್ತವೆ. ಸುಮಾರು ಒಂದು ತಿಂಗಳಲ್ಲಿ ಮರಿಗಳು ಹಾರಿಹೋಗುವವು. ಅಲ್ಲಿಯವರೆಗೆ ಆ ರೆಂಬೆಗೆ ಪೊರಕೆಯನ್ನೂ ಕತ್ತಿಯನ್ನೂ ತಾಗಿಸದಿರುವುದು ಗೃಹಸ್ಥರೆಲ್ಲರಿಗೂ ಸಾಧ್ಯವಾದ ದಯೆ.